ಹನ್ನೆರಡು ವೋಲ್ಟಿನ ಪುರಾಣ

ಮನೆಯ ಯುಪಿಎಸ್ ಬ್ಯಾಟರಿ ಮೇಲೆ ಏನು ಬರೆದಿದೆ ಅಂತ ಒಮ್ಮೆ ನೋಡಿ. 12 ವೋಲ್ಟ್. ಕಾರಿನ ಬಾನೆಟ್ ಎತ್ತಿದರೆ ಅಲ್ಲೂ 12. ಆಟೋದಲ್ಲಿ 12, ಬೈಕಿನಲ್ಲಿ 12, ಹಳ್ಳಿಮನೆಯ ಸೋಲಾರ್ ದೀಪದ ಪೆಟ್ಟಿಗೆಯಲ್ಲೂ 12. ಹತ್ತು ಯಾಕಲ್ಲ? ಇಪ್ಪತ್ತು ಯಾಕಲ್ಲ? ನಾನು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ (ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ಆ ಮಾತು ಬೇರೆ). ನಾಲ್ಕು ವರ್ಷದಲ್ಲಿ ಯಾವ ಮೇಷ್ಟ್ರೂ ಇದನ್ನು ಹೇಳಲಿಲ್ಲ, ನಾವು ಯಾರೂ ಕೇಳಲೂ ಇಲ್ಲ. ಹನ್ನೆರಡು ಅಂದರೆ ಹನ್ನೆರಡು, ವಾರಕ್ಕೆ ಏಳು ದಿನ ಇದ್ದ ಹಾಗೆ.

ಈಗ ಅದರ ಹಿಂದೆ ಬೀಳಲು ಕಾರಣ ನನ್ನ ಜೊತೆ ಓದಿದ ಗೆಳೆಯನೊಬ್ಬ. ಅವನಿರೋದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ಹಳೇ ಡೆಲಿವರಿ ವ್ಯಾನೊಂದನ್ನು ಕೊಂಡು ಕ್ಯಾಂಪರ್ ವ್ಯಾನ್ ಮಾಡುತ್ತಿದ್ದಾನೆ. ಅಂದರೆ ಒಳಗೇ ಹಾಸಿಗೆ, ಒಲೆ, ಫ್ರಿಜ್, ದೀಪ ಎಲ್ಲ ಇರುವ ಗಾಲಿ ಮೇಲಿನ ಮನೆ. ವೈರಿಂಗ್ ನಕ್ಷೆಯನ್ನು ಕೈಯಲ್ಲೇ ಬರೆದು ಕಳಿಸಿ, "ಲೋ, ಒಂದ್ಸಲ ಸರಿಯಾಗಿ ನೋಡೋ. ಇದರೊಳಗೆ ಹೆಂಡತಿ, ಮಗಳು ಮಲಗ್ತಾರೆ" ಅಂದ. ನೋಡಿದೆ. ಚಾವಣಿ ಮೇಲೆ 200 ವ್ಯಾಟಿನ ಸೋಲಾರ್ ಪ್ಯಾನೆಲ್, ಸೀಟಿನ ಕೆಳಗೆ ಲಿಥಿಯಂ ಬ್ಯಾಟರಿ, ಪಕ್ಕದಲ್ಲಿ ದೊಡ್ಡ ಇನ್ವರ್ಟರ್, ಅದಕ್ಕೊಂದು ಇಂಡಕ್ಷನ್ ಒಲೆ. ಬ್ಯಾಟರಿಯಿಂದ ಇನ್ವರ್ಟರಿಗೆ 16 ಚದರ ಮಿಲಿಮೀಟರ್ ತಂತಿ, ಅದರ ಮೇಲೆ 200 ಆಂಪಿಯರ್ ಫ್ಯೂಸ್. ಕೊನೆಯ ಸಾಲು ಓದಿ ನನಗೆ ನಿಜಕ್ಕೂ ಗಾಬರಿಯಾಯ್ತು. ಯಾಕೆ ಅಂತ ಮುಂದೆ ಹೇಳ್ತೀನಿ. ಅದಕ್ಕೆ ಮೊದಲು ಆ ನಕ್ಷೆಯ ಒಂದೊಂದು ಪೆಟ್ಟಿಗೆ ಎಲ್ಲಿಂದ ಬಂತು ಅಂತ ನೋಡಬೇಕು. ಸಾಫ್ಟ್‌ವೇರಿನಲ್ಲಿರುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಯಾರೋ ಬರೆದು ಬಿಟ್ಟುಹೋದ ಹಳೇ ಕೋಡ್ ಮೇಲೆ ಇನ್ಯಾರೋ ಕಟ್ಟಿದ್ದು, ಅದರ ಮೇಲೆ ಮತ್ತೊಬ್ಬ... ವ್ಯಾನಿನ ವೈರಿಂಗೂ ಹಾಗೇ.

ಎಲ್ಲಕ್ಕೂ ತಳದಲ್ಲಿರೋದು ಸೀಸ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಎರಡು ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಮಾಡಿದ. 1881ರಲ್ಲಿ ಕಮೀಲ್ ಫೋರ್ ಅನ್ನುವವನು ಸೀಸದ ಆಕ್ಸೈಡಿನ ಲೇಪ ಹಚ್ಚಿದ ಪ್ಲೇಟು ಮಾಡಿದ ಮೇಲೆ ಇದು ಕಾರ್ಖಾನೆಯಲ್ಲಿ ಮಾಡಿ ಮಾರುವಂಥ ವಸ್ತುವಾಯಿತು. ಈ ಜೋಡಿಯ ಒಂದು ಕೋಶ ಕೊಡೋದು ಎರಡು ವೋಲ್ಟಿಗಿಂತ ಚೂರು ಹೆಚ್ಚು. ಅದು ಸೀಸದ ಹುಟ್ಟುಗುಣ, ಯಾರೂ ಬದಲಾಯಿಸೋಕಾಗಲ್ಲ. ಮೂರು ಕೋಶ ಸಾಲಾಗಿ ಇಟ್ಟರೆ ಆರು ವೋಲ್ಟ್, ಆರು ಇಟ್ಟರೆ ಹನ್ನೆರಡು. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವಾಗ ಆರು ಮುಚ್ಚಳ ತೆಗೀತೀವಲ್ಲ, ಆ ಆರು ಇದೇ. ಹತ್ತು ಯಾಕಲ್ಲ ಅನ್ನೋದಕ್ಕೆ ಅರ್ಧ ಉತ್ತರ ಮಾತ್ರ ಇದು, ಐದು ಕೋಶ ಇಟ್ಟು ಹತ್ತು ಮಾಡಬಹುದಿತ್ತು. ಉಳಿದರ್ಧ ಮೋಟಾರು ಕಂಪನಿಗಳದ್ದು.

ಮೊದಮೊದಲು ಕಾರಿಗೆ ಬ್ಯಾಟರಿಯ ದರ್ದೇ ಇರಲಿಲ್ಲ. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮುಂಗೈ ಮೂಳೆ ಪುಡಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮಾಡಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಆಮೇಲೆ ಬ್ಯಾಟರಿ, ಡೈನಮೋ, ಸ್ಟಾರ್ಟರ್, ದೀಪ, ಎಲ್ಲ ಒಂದು ಸಂಸಾರ. ನನ್ನ ಗೆಳೆಯ ಇರುವ ಸ್ಟುಟ್‌ಗಾರ್ಟಿನಲ್ಲೇ ರಾಬರ್ಟ್ ಬಾಷ್ 1886ರಲ್ಲಿ ಸಣ್ಣ ವರ್ಕ್‌ಶಾಪ್ ತೆರೆದದ್ದು. 1913ರ ಹೊತ್ತಿಗೆ ಅವರ ಕಂಪನಿ ಕಾರಿಗೆ ಹೆಡ್‌ಲೈಟ್, ಡೈನಮೋ, ಬ್ಯಾಟರಿ ಎಲ್ಲ ಒಟ್ಟಿಗೇ ಮಾರುತ್ತಿತ್ತು. (ಬೆಂಗಳೂರಿನವರಿಗೆ ಇದೇ ಬಾಷ್ ಬಹಳ ವರ್ಷ 'ಮೈಕೋ' ಆಗಿತ್ತು, ಆಡುಗೋಡಿಯ ಕಾರ್ಖಾನೆ, ಮೈಕೋ ಲೇಔಟ್...) ನಿಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಂದು ರಿಲೇ ಇಸಕೊಂಡು ತಿರುಗಿಸಿ ನೋಡಿ. ಕಾಲುಗಳ ಪಕ್ಕ 30, 85, 86, 87 ಅಂತ ಇರುತ್ತೆ. ಅದು ಜರ್ಮನ್ ಮಾನಕದ ನಂಬರು. 30 ಅಂದರೆ ಬ್ಯಾಟರಿಯ ಪ್ಲಸ್, 31 ಅಂದರೆ ಅರ್ತ್, 15 ಅಂದರೆ ಕೀ ತಿರುಗಿಸಿದ ಮೇಲೆ ಬರುವ ಕರೆಂಟು. ಗೆಳೆಯನ ವ್ಯಾನಿನಲ್ಲೂ ಇದೇ ನಂಬರುಗಳು, ಜೆಸಿ ರಸ್ತೆಯ ಅಂಗಡಿಯಲ್ಲೂ ಇವೇ.

ಆಗೆಲ್ಲ ಹೆಚ್ಚಿನ ಕಾರುಗಳದ್ದು ಆರು ವೋಲ್ಟ್. ದೀಪಕ್ಕೆ ಸಾಕು, ಸಣ್ಣ ಎಂಜಿನ್ ತಿರುಗಿಸಲೂ ಸಾಕು. 1950ರಲ್ಲಿ ತಯಾರಿಕೆ ಶುರುವಾದ ಫೋಕ್ಸ್‌ವ್ಯಾಗನ್ ವ್ಯಾನಿನದೂ (ಜರ್ಮನರು ಮುದ್ದಿನಿಂದ 'ಬುಲ್ಲಿ' ಅಂತಾರೆ) ಆರು ವೋಲ್ಟೇ. ಕ್ಯಾಂಪರ್ ವ್ಯಾನ್ ಅಂದ ತಕ್ಷಣ ಎಲ್ಲರ ಕಣ್ಣಮುಂದೆ ಬರುವ, ಮುಂದೆ ದೊಡ್ಡ ವಿ ಮತ್ತು ಡಬ್ಲ್ಯು ಇರುವ ಆ ದುಂಡುಮುಖದ ಗಾಡಿ. ವೆಸ್ಟ್‌ಫಾಲಿಯಾ ಎಂಬ ಕಂಪನಿ 1951ರಿಂದ ಅದಕ್ಕೆ 'ಕ್ಯಾಂಪಿಂಗ್ ಬಾಕ್ಸ್' ಮಾಡತೊಡಗಿತು. ವಾರದ ದಿನಗಳಲ್ಲಿ ಸರಕು ಸಾಗಿಸೋ ಗಾಡಿ, ಶನಿವಾರ ಆ ಪೆಟ್ಟಿಗೆ ಒಳಗಿಟ್ಟರೆ ಮಲಗೋ ಮನೆ.

ಆ ಕಾಲದ ಕ್ಯಾಂಪರ್‌ಗಳ ಗುಟ್ಟು ಏನು ಗೊತ್ತಾ? ಕರೆಂಟನ್ನು ಆದಷ್ಟು ಬಳಸದೇ ಇರೋದು. ಅಡುಗೆಗೆ ಗ್ಯಾಸ್ ಅಥವಾ ಸ್ಪಿರಿಟ್ ಒಲೆ, ತಂಪಿಗೆ ಐಸ್ ಗಡ್ಡೆ ಇಟ್ಟ ಪೆಟ್ಟಿಗೆ. ಆಮೇಲೆ ಬಂದ ಫ್ರಿಜ್ ಕೂಡ ಬೆಂಕಿಯಿಂದ ನಡೆಯೋದು! 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ವಾನ್ ಪ್ಲಾಟೆನ್ ಮತ್ತು ಮುಂಟರ್ಸ್, ಅಮೋನಿಯಾ ನೀರನ್ನು ಕಾಯಿಸಿ ತಂಪು ಹುಟ್ಟಿಸುವ ಫ್ರಿಜ್ ಮಾಡಿದರು. ಮೋಟಾರಿಲ್ಲ, ಸದ್ದಿಲ್ಲ, ಕೆಳಗೊಂದು ಸಣ್ಣ ಜ್ವಾಲೆ ಇದ್ದರಾಯ್ತು. ದಶಕಗಟ್ಟಲೆ ಕ್ಯಾಂಪರ್‌ಗಳಲ್ಲಿ ಇದೇ ರಾಜ. ಅದೇ ಫ್ರಿಜ್ಜನ್ನು ಗ್ಯಾಸ್, ಮನೆ ಕರೆಂಟು, 12 ವೋಲ್ಟ್ ಮೂರರಲ್ಲೂ ನಡೆಸುವ ಹಾಗೆ ಮಾಡಿದರು. ಆದರೆ 12 ವೋಲ್ಟಿನಲ್ಲಿ ಅದು ಹತ್ತು ಆಂಪಿಯರಿಗೂ ಹೆಚ್ಚು ಎಳೆದುಕೊಳ್ಳುತ್ತೆ, ಗಾಡಿ ಓಡುತ್ತಿರುವಾಗ ಮಾತ್ರ ಹಾಕಬೇಕು. ಮರೆತು ಮಲಗಿದರೆ ಬೆಳಿಗ್ಗೆ ಬ್ಯಾಟರಿ ಸತ್ತು ಕಾಡಿನ ಮಧ್ಯೆ ಗಾಡಿ ತಳ್ಳಬೇಕು.

ಇನ್ನು ಹನ್ನೆರಡಕ್ಕೆ ಬರೋಣ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ದೊಡ್ಡ ವಿ-8 ಎಂಜಿನ್‌ಗಳ ಭರಾಟೆ. ಕಂಪ್ರೆಷನ್ ಹೆಚ್ಚು, ತಿರುಗಿಸಲು ಶಕ್ತಿ ಹೆಚ್ಚು ಬೇಕು. ಚಳಿಯಲ್ಲಿ ಆರು ವೋಲ್ಟ್ ಏದುಸಿರು ಬಿಡುತ್ತಿತ್ತು. ಜನರಲ್ ಮೋಟಾರ್ಸಿನ ಕ್ಯಾಡಿಲಾಕ್, ಬ್ಯುಯಿಕ್, ಓಲ್ಡ್ಸ್‌ಮೊಬೈಲ್‌ಗಳು 1953ರಲ್ಲಿ ಹನ್ನೆರಡಕ್ಕೆ ಬಂದವು. ಶೆವ್ರೊಲೆ 1955ರಲ್ಲಿ, ಫೋರ್ಡ್ 1956ರಲ್ಲಿ. ಫೋಕ್ಸ್‌ವ್ಯಾಗನ್ ನಿಧಾನವಾಗಿ, 1966ರಲ್ಲಿ ತಯಾರಾದ 1967ರ ಮಾದರಿಯಿಂದ. ಇಷ್ಟೇ ಕಥೆ. ಡೆಟ್ರಾಯಿಟಿನ ಮಂದಿಗೆ ಚಳಿಗಾಲದ ಬೆಳಿಗ್ಗೆ ಎರಡು ಸೆಕೆಂಡು ಸ್ಟಾರ್ಟರ್ ಜೋರಾಗಿ ತಿರುಗಬೇಕಿತ್ತು. ಆರನ್ನು ಎರಡರಿಂದ ಗುಣಿಸಿದರು. ಗಾಡಿಯೊಳಗೆ ಅಡುಗೆ ಮಾಡಬೇಕು, ಲ್ಯಾಪ್‌ಟಾಪ್ ನಡೆಸಬೇಕು ಅಂತ ಆಗ ಯಾರ ಕನಸಿನಲ್ಲೂ ಇರಲಿಲ್ಲ.

ಎರಡು ಸೆಕೆಂಡಿಗೆ ಹನ್ನೆರಡು ವೋಲ್ಟ್ ಚೆನ್ನ. ಇಪ್ಪತ್ತು ನಿಮಿಷ ಸಾರು ಕುದಿಸೋಕೆ? ಲೆಕ್ಕ ಹಾಕಿ. 1800 ವ್ಯಾಟಿನ ಇಂಡಕ್ಷನ್ ಒಲೆಗೆ ಮನೆಯ 230 ವೋಲ್ಟಿನಲ್ಲಿ ಬೇಕಾದ್ದು ಎಂಟು ಆಂಪಿಯರಿಗೂ ಚೂರು ಕಮ್ಮಿ. ಹನ್ನೆರಡು ವೋಲ್ಟಿನಲ್ಲಿ ನೂರೈವತ್ತು! ಇನ್ವರ್ಟರಿನ ನಷ್ಟ ಸೇರಿಸಿದರೆ ಇನ್ನೂ ಜಾಸ್ತಿ. ತಂತಿ ಬಿಸಿಯಾಗೋದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಅನ್ನೋದು ಪಿಯುಸಿ ಪಾಠ. ಬ್ಯಾಟರಿಯಿಂದ ಇನ್ವರ್ಟರಿಗೆ ಎರಡು ಮೀಟರ್, ವಾಪಸ್ ಬರಲು ಎರಡು, ಒಟ್ಟು ನಾಲ್ಕು ಮೀಟರ್ ತಾಮ್ರ ಅಂತಿಟ್ಟುಕೊಳ್ಳಿ. ಗೆಳೆಯ ಬರೆದಿದ್ದ 16 ಚದರ ಮಿಲಿಮೀಟರ್ ತಂತಿಯಲ್ಲಿ 150 ಆಂಪಿಯರ್ ಹರಿದರೆ ಹೆಚ್ಚುಕಮ್ಮಿ ಮುಕ್ಕಾಲು ವೋಲ್ಟಿನ ಹತ್ತಿರ ದಾರಿಯಲ್ಲೇ ಕಳೆದುಹೋಗುತ್ತೆ, ಮತ್ತು ಸುಮಾರು ನೂರು ವ್ಯಾಟ್ ಶಾಖ ತಂತಿಯೊಳಗೇ ಹುಟ್ಟುತ್ತೆ. ಹಳೇ ನೂರರ ಬಲ್ಬು ಮುಟ್ಟಿದ ನೆನಪಿದೆಯಾ? ಅಷ್ಟು ಶಾಖ ಪ್ಲೈವುಡ್ಡಿನ ಹಿಂದೆ, ಚಳಿ ತಡೆಯಲು ತುಂಬಿದ ಉಣ್ಣೆಯ ಮಧ್ಯೆ. ಅದೇ ಜಾಗದಲ್ಲಿ 50 ಚದರ ಮಿಲಿಮೀಟರ್ ತಂತಿ ಎಳೆದರೆ ಶಾಖ ಮೂವತ್ತು ವ್ಯಾಟಿನ ಆಸುಪಾಸಿಗೆ ಇಳಿಯುತ್ತೆ. ಹೆಬ್ಬೆರಳು ಗಾತ್ರದ ಕೇಬಲ್, ಬೆಲೆಯೂ ಹಾಗೇ.

ಇನ್ನು ಆ ಫ್ಯೂಸು. ಫ್ಯೂಸ್ ಇರೋದು ಒಲೆಯನ್ನೋ ಇನ್ವರ್ಟರನ್ನೋ ಕಾಪಾಡಲು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದು ಇರೋದು ತಂತಿಗಾಗಿ. ಎಡಿಸನ್ ದೀಪದ ಲೈನುಗಳಲ್ಲಿ ಫ್ಯೂಸ್ ಹಾಕಿದ ಕಾಲದಿಂದಲೂ ತತ್ವ ಒಂದೇ: ತಂತಿ ಕಾದು ಕರಗುವ ಮೊದಲು ಅದಕ್ಕಿಂತ ಸಣ್ಣದೊಂದು ಲೋಹದ ಎಳೆ ತಾನು ಕರಗಿ ದಾರಿ ಕಡಿಯಬೇಕು. 16ರ ತಂತಿ ಸದಾಕಾಲ ತಡೆದುಕೊಳ್ಳೋದು ನೂರು ಆಂಪಿಯರ್ ಆಸುಪಾಸು, ಅದೂ ಗಾಳಿಯಾಡೋ ಕಡೆ. ಅದರ ಮೇಲೆ 200ರ ಫ್ಯೂಸ್ ಹಾಕಿದರೆ ಏನಾಗುತ್ತೆ? 180 ಹರಿಯುವಾಗ ಫ್ಯೂಸಿಗೆ ಆರಾಮ, ಸುಡೋದು ತಂತಿಯ ಪ್ಲಾಸ್ಟಿಕ್ಕು. ಅಂದರೆ ಆ ನಕ್ಷೆಯಲ್ಲಿ ಫ್ಯೂಸ್ ಆಗಿದ್ದದ್ದು ತಂತಿಯೇ, ಮತ್ತು ಅದು ಹಾದು ಹೋಗಿದ್ದದ್ದು ಮಗುವಿನ ಹಾಸಿಗೆಯ ಕೆಳಗೆ. ಫೋನ್ ಮಾಡಿ ಬೈದೆ.

ಕಾರಿನವರ ಇನ್ನೊಂದು ಹಳೇ ಉಪಾಯವೂ ಇಲ್ಲಿ ಬಂದು ಕಾಡುತ್ತೆ. ತಾಮ್ರ ಉಳಿಸಲು ಪ್ಲಸ್ಸಿಗೆ ಮಾತ್ರ ತಂತಿ ಎಳೆದು ಮೈನಸ್ಸನ್ನು ಗಾಡಿಯ ಕಬ್ಬಿಣಕ್ಕೇ ಕೊಟ್ಟುಬಿಡೋದು. ಇಡೀ ಬಾಡಿಯೇ ವಾಪಸ್ ಬರುವ ದಾರಿ. ಹೆಡ್‌ಲೈಟಿಗೆ, ಹಾರ್ನಿಗೆ ಪರವಾಗಿಲ್ಲ. ಆದರೆ ಪ್ಲಸ್ ತಂತಿಯ ಸಿಪ್ಪೆ ಎಲ್ಲಿ ಸವೆದು ಬಾಡಿಗೆ ತಾಗಿದರೂ ಅಲ್ಲೇ ಶಾರ್ಟ್. ತಗಡಿಗೆ ಕೊರೆದ ತೂತಿನೊಳಗೆ ರಬ್ಬರ್ ಉಂಗುರ ಹಾಕದೆ ತಂತಿ ತೂರಿಸಿದರೆ, ಗಾಡಿಯ ಕುಲುಕಾಟಕ್ಕೆ ಆ ತಗಡಿನ ಅಂಚು ಗರಗಸದ ಹಾಗೆ ಕೆಲಸ ಮಾಡುತ್ತೆ. ಅದಕ್ಕೇ ಬ್ಯಾಟರಿಯ ಪ್ಲಸ್ಸಿನಿಂದ ಮುಖ್ಯ ಫ್ಯೂಸ್ ಒಂದು ಗೇಣಿಗಿಂತ ದೂರ ಇರಬಾರದು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ಆ ತುಂಡು ತಂತಿಗೆ ಮಾತ್ರ ಕಾವಲೇ ಇರಲ್ಲ ನೋಡಿ.

(ಹಳೇ ಕಾರುಗಳ ನೆನಪಾದಾಗ ಇದೂ ಹೇಳಿಬಿಡ್ತೀನಿ. ಈವತ್ತಿಗೂ ಕಾರಿನಲ್ಲಿ ಫೋನ್ ಚಾರ್ಜ್ ಮಾಡಲು ಚುಚ್ಚುವ ಆ ದುಂಡನೆ ಸಾಕೆಟ್ ಇದೆಯಲ್ಲ, ಅದು ಸಿಗರೇಟ್ ಹಚ್ಚಲು ಮಾಡಿದ್ದು. ಕರೆಂಟ್ ತೆಗೆಯಲು ಯಾರೂ ಅದನ್ನು ವಿನ್ಯಾಸ ಮಾಡಲಿಲ್ಲ. ಸಡಿಲ, ಕುಲುಕಿದರೆ ಹೊರಗೆ ಬರುತ್ತೆ, ಹತ್ತು ಹದಿನೈದು ಆಂಪಿಯರ್ ದಾಟಿದರೆ ಬಿಸಿ. ಸೇದೋರು ಕಮ್ಮಿಯಾದರು, ತೂತು ಉಳಿಯಿತು. ಗೆಳೆಯನ ನಕ್ಷೆಯಲ್ಲಿ ಅಂಥವು ನಾಲ್ಕಿದ್ದವು, ಮೂರನ್ನು ಯುಎಸ್‌ಬಿ ಮಾಡಿಸಿದೆ.)

ಮಲಗುವವರು ಬ್ಯಾಟರಿ ಖಾಲಿ ಮಾಡಿ ಬೆಳಿಗ್ಗೆ ಗಾಡಿ ತಳ್ಳಬಾರದು ಅಂತ ಎರಡನೇ ಬ್ಯಾಟರಿ ಬಂತು. ಸ್ಟಾರ್ಟರ್ ಬ್ಯಾಟರಿಯದು ತೆಳು ಪ್ಲೇಟು. ಒಂದೇ ಏಟಿಗೆ ಜೋರಾಗಿ ಕೊಡುತ್ತೆ, ಪೂರ್ತಿ ಖಾಲಿ ಮಾಡಿದರೆ ಕೆಲವೇ ಸಲಕ್ಕೆ ಸಾಯುತ್ತೆ. ಮನೆಗೆ ಬೇಕಾದ್ದು ದಪ್ಪ ಪ್ಲೇಟಿನದು, ನಮ್ಮ ಯುಪಿಎಸ್‌ಗಳ ಟ್ಯೂಬುಲರ್ ಬ್ಯಾಟರಿಯ ಥರ. ಎರಡನ್ನೂ ಒಂದೇ ಡೈನಮೋದಿಂದ ತುಂಬಿಸಲು ನಡುವೆ ಒಂದು ರಿಲೇ. ಎಂಜಿನ್ ಓಡಿದಾಗ ಜೋಡಿಸು, ನಿಂತಾಗ ಬಿಡಿಸು. ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿನಲ್ಲಿ ಸಿಲಿಕಾನ್ ಡಯೋಡಿನ ಅಲ್ಟರ್ನೇಟರ್ ತಂದಮೇಲೆ ಎಂಜಿನ್ ನಿಧಾನಕ್ಕೆ ತಿರುಗುವಾಗಲೂ ಚಾರ್ಜ್ ಆಗತೊಡಗಿತು, ಈ ಎರಡು ಬ್ಯಾಟರಿ ಸಂಸಾರ ಸಲೀಸಾಯ್ತು. ದಶಕಗಟ್ಟಲೆ ಇದೇ ನಡೆಯಿತು. ಆದರೆ ಒಂದು ತೊಂದರೆ. ಎರಡು ಮೂರು ದಿನ ಒಂದೇ ಕಡೆ ನಿಂತರೆ ಬ್ಯಾಟರಿ ತುಂಬಿಸುವವರಿಲ್ಲ.

ಅಲ್ಲಿಗೆ ಸೂರ್ಯ ಬರಬೇಕು. ಸೋಲಾರ್ ಅಂದರೆ ಪರಿಸರ, ಹಸಿರು ಅಂತೆಲ್ಲ ಈಗ ಹೇಳ್ತೀವಿ. ಹುಟ್ಟಿದ್ದು ಟೆಲಿಫೋನ್ ಕಂಪನಿಯ ತಲೆನೋವಿನಿಂದ. ಅಮೆರಿಕದ ಬೆಲ್ ಲ್ಯಾಬ್ಸಿಗೆ ಬಿಸಿ, ತೇವದ ಊರುಗಳಲ್ಲಿ ಡ್ರೈ ಸೆಲ್‌ಗಳು ಬೇಗ ಕೆಟ್ಟುಹೋಗುತ್ತಿದ್ದವು. ಅದಕ್ಕೆ ಬದಲಿ ಹುಡುಕಲು ಹೊರಟವನು ಡೆರಿಲ್ ಚಾಪಿನ್. ಅವನು, ಕ್ಯಾಲ್ವಿನ್ ಫುಲ್ಲರ್, ಜೆರಾಲ್ಡ್ ಪಿಯರ್ಸನ್ ಮೂವರೂ ಸೇರಿ ಮಾಡಿದ ಸಿಲಿಕಾನ್ ಸೌರಕೋಶವನ್ನು 1954ರ ಏಪ್ರಿಲ್ 25ರಂದು ಜಗತ್ತಿಗೆ ತೋರಿಸಿದರು. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲು ವಿದ್ಯುತ್. ಮರುವರ್ಷ ಜಾರ್ಜಿಯಾದ ಅಮೆರಿಕಸ್ ಎಂಬ ಊರಿನ ಟೆಲಿಫೋನ್ ಲೈನಿನಲ್ಲಿ ಪ್ರಯೋಗಕ್ಕೆ ಇಟ್ಟರು. ಕೆಲಸ ಮಾಡಿತು, ಆದರೆ ವಿಪರೀತ ದುಬಾರಿ. ದುಡ್ಡಿನ ಚಿಂತೆ ಇಲ್ಲದ ಗಿರಾಕಿ ಸಿಕ್ಕಿದ್ದು ಆಕಾಶದಲ್ಲಿ. 1958ರ ಮಾರ್ಚಿನಲ್ಲಿ ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹದ ಬ್ಯಾಟರಿ ಕೆಲವೇ ವಾರಗಳಲ್ಲಿ ಮುಗಿಯಿತು, ಸೌರಕೋಶದ ರೇಡಿಯೋ 1964ರವರೆಗೆ ಪಿಸುಗುಟ್ಟುತ್ತಿತ್ತು. ಆ ಪುಟ್ಟ ಚೆಂಡು ಈಗಲೂ ಭೂಮಿಯನ್ನು ಸುತ್ತುತ್ತಲೇ ಇದೆ.

ಅದನ್ನು ನೆಲಕ್ಕೆ ಇಳಿಸಿದ್ದು, ತಮಾಷೆ ನೋಡಿ, ಎಣ್ಣೆ ಕಂಪನಿಯ ದುಡ್ಡು. ಎಲಿಯಟ್ ಬರ್ಮನ್ ಎಂಬ ರಸಾಯನ ವಿಜ್ಞಾನಿ ಎಕ್ಸಾನ್ ನೆರವಿನಿಂದ 1973ರಲ್ಲಿ ಸೋಲಾರ್ ಪವರ್ ಕಾರ್ಪೊರೇಷನ್ ಶುರು ಮಾಡಿ, ವ್ಯಾಟಿಗೆ ನೂರು ಡಾಲರ್ ಇದ್ದ ಬೆಲೆಯನ್ನು ಇಪ್ಪತ್ತರ ಹತ್ತಿರ ತಂದ. ಚಿಪ್ಪಿನವರು ಬೇಡ ಅಂತ ಎಸೆದ ಸಿಲಿಕಾನ್, ಮುಂದೆ ಅಕ್ರಿಲಿಕ್ ಪ್ಲಾಸ್ಟಿಕ್, ಅಗ್ಗದ ಅಂಟು. ಮೊದಲ ಗಿರಾಕಿಗಳು ಸಮುದ್ರದ ಮಧ್ಯದ ತೈಲಕಟ್ಟೆಗಳ ಎಚ್ಚರಿಕೆ ದೀಪಗಳು, ಹಡಗಿಗೆ ದಾರಿ ತೋರಿಸುವ ತೇಲುಬುರುಡೆಗಳು. ಅಲ್ಲಿದ್ದದ್ದು ಯಾವ ಬ್ಯಾಟರಿ? ಅದೇ ಸೀಸ, ಅದೇ ಹನ್ನೆರಡು.

ಈಗ ಕೊಂಡಿ ಬೀಳುತ್ತೆ. ಒಂದು ಸಿಲಿಕಾನ್ ಕೋಶ ಕೊಡೋದು ಅರ್ಧ ವೋಲ್ಟ್ ಆಸುಪಾಸು. ಹನ್ನೆರಡರ ಸೀಸದ ಬ್ಯಾಟರಿ ಪೂರ್ತಿ ತುಂಬಲು ಹದಿನಾಲ್ಕೂವರೆ ಬೇಕು. ಬಿಸಿಲಿಗೆ ಪ್ಯಾನೆಲ್ ಕಾದರೆ ವೋಲ್ಟೇಜ್ ಇಳಿಯುತ್ತೆ, ತಂತಿಯಲ್ಲಿ ಚೂರು ಹೋಗುತ್ತೆ, ಡಯೋಡಿನಲ್ಲಿ ಚೂರು. ಎಲ್ಲ ಕಳೆದರೂ ಹದಿನಾಲ್ಕೂವರೆ ಉಳಿಯಬೇಕಾದರೆ ಹದಿನೆಂಟರಿಂದ ಶುರುಮಾಡಬೇಕು. ಅಂದರೆ 36 ಕೋಶ. '12 ವೋಲ್ಟ್ ಪ್ಯಾನೆಲ್' ಅಂತ ಮಾರುವ ಪ್ಯಾನೆಲ್‌ನ ಮೇಲೆ ಹಿಂದೆಲ್ಲ ಚೌಕಗಳನ್ನು ಎಣಿಸಿದರೆ ಒಂಬತ್ತು ಸಾಲು, ಸಾಲಿಗೆ ನಾಲ್ಕು ಇರುತ್ತಿದ್ದವು. ಡೆಟ್ರಾಯಿಟಿನ ಸ್ಟಾರ್ಟರ್ ಮೋಟಾರಿಗಾಗಿ ಆರಿಸಿದ ಸಂಖ್ಯೆ ಹೀಗೆ ಚಾವಣಿ ಹತ್ತಿ ಸೂರ್ಯನ ಬೆಳಕನ್ನು ಮೂವತ್ತಾರು ತುಂಡು ಮಾಡಿತು.

ಕ್ಯಾಲಿಫೋರ್ನಿಯಾದ ಕಾಡುಗಳಲ್ಲಿ ಕರೆಂಟಿಲ್ಲದೆ ವಾಸಕ್ಕೆ ಹೋದ ಎಪ್ಪತ್ತರ ದಶಕದ ಜನ ಕಾರಿನ ಬ್ಯಾಟರಿಯಿಂದಲೇ ದೀಪ ಉರಿಸುತ್ತಿದ್ದರು. ಅವರಿಗೆ ಪ್ಯಾನೆಲ್ ಮಾರಲು ವಿಲಿಟ್ಸ್ ಎಂಬ ಊರಿನಲ್ಲಿ 1978ರಲ್ಲಿ ರಿಯಲ್ ಗೂಡ್ಸ್ ಅಂಗಡಿ ತೆರೆಯಿತು. 12 ವೋಲ್ಟಿನ ಮನೆ ಅನ್ನೋ ಕಲ್ಪನೆ ಬೆಳೆದದ್ದು ಅಲ್ಲಿ. 1987ರಿಂದ ಬಂದ 'ಹೋಮ್ ಪವರ್' ಪತ್ರಿಕೆ ಓದಿ ಜನ ತಾವೇ ತಂತಿ ಎಳೆದುಕೊಂಡರು. ಈವತ್ತಿನ ವ್ಯಾನ್ ಮಂದಿಯ ಗುರುಗಳು ಅವರೇ, ಹೆಚ್ಚಿನವರಿಗೆ ಗೊತ್ತಿಲ್ಲ ಅಷ್ಟೇ. ನಮ್ಮ ಕಡೆಯೂ ಅದೇ ಸರಕು ಬೇರೆ ರೂಪದಲ್ಲಿ ಬಂತು. ಟಾಟಾ ಬಿಪಿ ಸೋಲಾರ್ 1989ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು, ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಕಟ್ಟಿದ್ದು 1995ರಲ್ಲಿ. ಮಲೆನಾಡು, ಕರಾವಳಿಯ ಒಂಟಿಮನೆಗಳ ಹಂಚಿನ ಮೇಲೆ ಸಣ್ಣ ಪ್ಯಾನೆಲ್, ಒಳಗೆ ಬ್ಯಾಟರಿ, ನಾಲ್ಕು ದೀಪ. ಗಾಲಿ ಒಂದು ಬಿಟ್ಟರೆ ಗೆಳೆಯನ ವ್ಯಾನಿನ ನಕ್ಷೆಗೂ ಅದಕ್ಕೂ ವ್ಯತ್ಯಾಸ ಕಮ್ಮಿ.

ಆಮೇಲೆ ಮನೆ ಚಾವಣಿ, ಗ್ರಿಡ್ ಅಂತ ಸೋಲಾರ್ ದೊಡ್ಡದಾಗಿ ಬೆಳೆದಾಗ ಬ್ಯಾಟರಿಯ ಹಂಗು ತಪ್ಪಿತು. 60, 72 ಕೋಶದ ಪ್ಯಾನೆಲ್‌ಗಳು ಬಂದು ಅಗ್ಗವಾದವು. ಅವುಗಳ ವೋಲ್ಟೇಜ್ ಹನ್ನೆರಡರ ಬ್ಯಾಟರಿಗೆ ಹೊಂದಲ್ಲ. ನಡುವೆ ಎಂಪಿಪಿಟಿ ಅನ್ನೋ ಪೆಟ್ಟಿಗೆ ಬೇಕು. ಪ್ಯಾನೆಲ್ ಯಾವ ವೋಲ್ಟೇಜಿನಲ್ಲಿ ಅತಿ ಹೆಚ್ಚು ಶಕ್ತಿ ಕೊಡುತ್ತೆ ಅಂತ ಕ್ಷಣಕ್ಷಣಕ್ಕೂ ಹುಡುಕಿ, ಅದನ್ನು ಬ್ಯಾಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡೋದು ಅದರ ಕೆಲಸ. ಹಳೇ ಅಗ್ಗದ ಕಂಟ್ರೋಲರಿಗೆ 36 ಕೋಶದ್ದೇ ಬೇಕು, 60ರದ್ದು ಹಾಕಿದರೆ ಅರ್ಧಕ್ಕರ್ಧ ದಂಡ. ಗೆಳೆಯ ಮನೆ ಚಾವಣಿಯ ಪ್ಯಾನೆಲ್ ಮತ್ತು ಅಗ್ಗದ ಕಂಟ್ರೋಲರ್ ಎರಡನ್ನೂ ಕೊಳ್ಳುವವನಿದ್ದ.

ಇನ್ನು ಲಿಥಿಯಂ. ಫೋನಿನಲ್ಲಿರುವ ಜಾತಿ ಬೇರೆ, ವ್ಯಾನಿಗೆ ಬಂದ ಜಾತಿ ಬೇರೆ. ಇದು ಲಿಥಿಯಂ ಐರನ್ ಫಾಸ್ಫೇಟ್. ಟೆಕ್ಸಾಸ್ ವಿಶ್ವವಿದ್ಯಾಲಯದಿಂದ 1997ರಲ್ಲಿ ಬಂದ ಪ್ರಬಂಧದಲ್ಲಿ ಮೂರು ಹೆಸರು: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಜಾನ್ ಗುಡ್‌ಇನಫ್‌ಗೆ ಲಿಥಿಯಂ ಬ್ಯಾಟರಿಗಾಗಿ 2019ರಲ್ಲಿ ನೊಬೆಲ್ ಬಂತು, ಆಗ ವಯಸ್ಸು 97. ಮಧ್ಯದ ಹೆಸರು ಓದಿ ನಂಜನಗೂಡು ನೆನಪಾಗದ ಕನ್ನಡಿಗ ಇದ್ದಾನಾ ಹೇಳಿ! ಇದರ ಒಂದು ಕೋಶಕ್ಕೆ 3.2 ವೋಲ್ಟ್. ನಾಲ್ಕು ಇಟ್ಟರೆ 12.8. ಸೀಸದ ಆರು ಕೋಶದ ಜಾಗದಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತೆ. ಫೋನಿನ ಜಾತಿಯದು 3.7, ಮೂರು ಇಟ್ಟರೆ ಕಮ್ಮಿ, ನಾಲ್ಕು ಇಟ್ಟರೆ ಹೆಚ್ಚು. ಬೆಂಕಿಗೆ ಬೇಗ ಹೆದರದ ರಸಾಯನ ಅನ್ನೋದು ಈ ಫಾಸ್ಫೇಟ್ ಗೆಲ್ಲಲು ಮುಖ್ಯ ಕಾರಣ ನಿಜ, ಆದರೆ ಈ ನಾಲ್ಕರ ಲೆಕ್ಕವೂ ಸಣ್ಣದಲ್ಲ ಅನ್ನೋದು ನನ್ನ ಅನಿಸಿಕೆ. ಹಳೇ ಸಂಖ್ಯೆಗೆ ಹೊಂದಿಕೊಂಡಿದ್ದರಿಂದ ಹಳೇ ದೀಪ, ಪಂಪು, ಫ್ಯಾನು ಯಾವುದನ್ನೂ ಎಸೆಯಬೇಕಾಗಲಿಲ್ಲ.

ಹೊಂದಿಕೊಂಡದ್ದೇ ಅಪಾಯ ಕೂಡ. ಸೀಸದ ಬ್ಯಾಟರಿ ತುಂಬುತ್ತಾ ಬಂದಂತೆ ತಾನೇ ಸಾಕು ಅನ್ನುತ್ತೆ, ಕರೆಂಟು ಕಮ್ಮಿ ಎಳೆಯುತ್ತೆ. ಅಲ್ಟರ್ನೇಟರ್ ಅದಕ್ಕೆ ಒಗ್ಗಿಕೊಂಡೇ ಬೆಳೆದದ್ದು. ಲಿಥಿಯಂ ಹಾಗಲ್ಲ, ಕೊನೆಯವರೆಗೂ ಹಸಿದವನ ಹಾಗೆ ಎಳೆಯುತ್ತೆ. ಹಳೇ ರಿಲೇ ಮೂಲಕ ನೇರ ಜೋಡಿಸಿದರೆ, ಅದರಲ್ಲೂ ಟ್ರಾಫಿಕ್ಕಿನಲ್ಲಿ ಎಂಜಿನ್ ನಿಧಾನ ತಿರುಗುತ್ತಾ ತಂಪುಗಾಳಿ ಕಮ್ಮಿ ಇದ್ದಾಗ, ಅಲ್ಟರ್ನೇಟರ್ ಸುಟ್ಟುಹೋಗಬಹುದು. ಇನ್ನೊಂದು ಕಡೆ, ಯೂರೋಪಿನ ಹೊಗೆ ನಿಯಮ ಬಿಗಿಯಾಗುತ್ತಾ ಯೂರೋ 6 ಕಾಲಕ್ಕೆ ಬಂದಾಗ ಡೀಸೆಲ್ ಉಳಿಸಲು 'ಸ್ಮಾರ್ಟ್' ಅಲ್ಟರ್ನೇಟರ್‌ಗಳು ಸಾಮಾನ್ಯವಾದವು. ಬ್ರೇಕ್ ಹಾಕುವಾಗ ವೋಲ್ಟೇಜ್ ಏರಿಸುತ್ತವೆ, ಬೇರೆ ಹೊತ್ತಿನಲ್ಲಿ ಬ್ಯಾಟರಿ ತುಂಬದಷ್ಟು ಇಳಿಸುತ್ತವೆ. ಐವತ್ತು ವರ್ಷ ನಡೆದ ರಿಲೇ ಉಪಾಯ ಎರಡು ಕಡೆಯಿಂದಲೂ ಸತ್ತಿತು. ಈಗ ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು. ಎಷ್ಟು ಆಂಪಿಯರ್ ಅಂತ ಅದೇ ಮಿತಿ ಹಾಕುತ್ತೆ. ಗೆಳೆಯ ಹಳೇ ಪುಸ್ತಕ ನೋಡಿ ರಿಲೇ ಬರೆದಿದ್ದ, ಅವನ ವ್ಯಾನು 2017ರದ್ದು.

ಲಿಥಿಯಂ ಇನ್ನೊಂದು ವಿಷಯದಲ್ಲೂ ಸೀಸದ ಹಾಗಲ್ಲ. ಶಾರ್ಟ್ ಆದರೆ ಕ್ಷಣದಲ್ಲಿ ಸಾವಿರಾರು ಆಂಪಿಯರ್ ಸುರಿಯಬಲ್ಲದು. ಸಾಮಾನ್ಯ ಫ್ಯೂಸ್ ಅಷ್ಟಕ್ಕೆ ಕರಗಿದರೂ ನಡುವೆ ಬೆಂಕಿಯ ಕಿಡಿಸೇತುವೆ ನಿಂತು ಕರೆಂಟು ಹರಿಯುತ್ತಲೇ ಇರಬಹುದು. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತೆ, ಆಗ ಕಿಡಿ ಆರುತ್ತೆ. ಡಿಸಿಗೆ ಸೊನ್ನೆಯೇ ಇಲ್ಲ. ಅದಕ್ಕೇ ಇಪ್ಪತ್ತು ಸಾವಿರ ಆಂಪಿಯರ್ ಕಡಿಯಬಲ್ಲ ಟಿ ಕ್ಲಾಸ್ ಫ್ಯೂಸ್ ಹಾಕು ಅಂದೆ. ಮನೆಗೆ ಬಳಸುವ ಎಸಿ ಸ್ವಿಚ್ಚುಗಳನ್ನು ಡಿಸಿ ಲೈನಿಗೆ ಹಾಕಬೇಡ ಅಂದದ್ದೂ ಇದೇ ಕಾರಣಕ್ಕೆ.

ಹಾಗಾದರೆ ಹನ್ನೆರಡನ್ನೇ ಬಿಟ್ಟುಬಿಡಬಾರದೇಕೆ? 48 ವೋಲ್ಟ್ ಇಟ್ಟರೆ ಕರೆಂಟು ನಾಲ್ಕನೇ ಒಂದು, ಅದೇ ತಂತಿಯಲ್ಲಿ ಶಾಖ ಹದಿನಾರನೇ ಒಂದು! ಕಾರಿನವರೂ ಇದನ್ನು ಯೋಚಿಸದೇ ಇರಲಿಲ್ಲ. 1990ರ ದಶಕದಲ್ಲಿ ಎಂಐಟಿಯೂ ಕಾರು ಕಂಪನಿಗಳೂ ಸೇರಿ 42 ವೋಲ್ಟಿನ ವ್ಯವಸ್ಥೆ ತರಲು ಹೊರಟರು. ಬಲ್ಬು, ರಿಲೇ, ಸ್ವಿಚ್ಚು ಎಲ್ಲವನ್ನೂ ಹೊಸದಾಗಿ ಮಾಡಬೇಕಲ್ಲ, ಖರ್ಚಿಗೆ ಹೆದರಿ 2000ದ ದಶಕದಲ್ಲಿ ಕೈಬಿಟ್ಟರು. ಕಾರಿನ ಸಣ್ಣಪುಟ್ಟ ಉಪಕರಣಗಳಿಗೂ 48 ವೋಲ್ಟ್ ಕೊಟ್ಟು ಟೆಸ್ಲಾ ಸೈಬರ್‌ಟ್ರಕ್ ಮಾರಾಟಕ್ಕೆ ಬಂದದ್ದು 2023ರ ಕೊನೆಗೆ. ವ್ಯಾನಿನಲ್ಲೂ 24, 48 ಮಾಡುವವರಿದ್ದಾರೆ. ಆದರೆ ಅಲ್ಟರ್ನೇಟರ್ ಹನ್ನೆರಡರದ್ದು, ಫ್ರಿಜ್, ನೀರಿನ ಪಂಪು, ಚಾವಣಿಯ ಫ್ಯಾನು ಹೆಚ್ಚಾಗಿ ಸಿಗೋದು ಹನ್ನೆರಡಕ್ಕೆ. ಮೇಲೇರಿಸಲು ಒಂದು ಪೆಟ್ಟಿಗೆ, ಮತ್ತೆ ಇಳಿಸಲು ಒಂದು. ಎರಡು ಸಂಜೆ ಫೋನಿನಲ್ಲಿ ಜಗಳವಾಡಿ ಕೊನೆಗೆ ಹನ್ನೆರಡೇ ಇರಲಿ, ಇಂಡಕ್ಷನ್ ಬೇಡ ಅಂತಾಯ್ತು. ಅಡುಗೆಗೆ ಗ್ಯಾಸು, ಸಣ್ಣ 500 ವ್ಯಾಟಿನ ಇನ್ವರ್ಟರ್, ಅದಕ್ಕೆ 16ರ ತಂತಿ, 60ರ ಫ್ಯೂಸ್. ಅದೇ ತಂತಿ ಈಗ ತಣ್ಣಗಿರುತ್ತೆ. 1951ರ ವೆಸ್ಟ್‌ಫಾಲಿಯಾದವರ ದಾರಿಯೇ ಅಂದುಕೊಳ್ಳಿ, ಮಗಳ ಹಾಸಿಗೆಯ ತಲೆಯ ಹತ್ತಿರ ಒಂದು ಗ್ಯಾಸ್ ಸೋರಿಕೆ ಅಲಾರಂ ಸೇರಿಸಿ.

ಉಳಿದದ್ದು ದಿನದ ಖರ್ಚಿನ ಲೆಕ್ಕ. ಕಂಪ್ರೆಸರ್ ಫ್ರಿಜ್ 400 ವ್ಯಾಟ್-ಗಂಟೆ, ಲ್ಯಾಪ್‌ಟಾಪ್ 300, ಫ್ಯಾನು 200, ದೀಪ ಫೋನು ಎಲ್ಲ ಸೇರಿ 80. ಒಟ್ಟು ಸಾವಿರದ ಹತ್ತಿರ. 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರೋದು 1280. ಜೂನಿನಲ್ಲಿ ಆ ಪ್ಯಾನೆಲ್ ಇಷ್ಟನ್ನು ಹೆಚ್ಚುಕಮ್ಮಿ ತುಂಬಿಸಿಕೊಡುತ್ತೆ. ಡಿಸೆಂಬರ್ ಬಂದರೆ ಸ್ಟುಟ್‌ಗಾರ್ಟಿನ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ ಹದಿನೆಂಟು ಡಿಗ್ರಿಗಿಂತ ಮೇಲೇರಲ್ಲ. (ಅದೇ ದಿನ ಬೆಂಗಳೂರಿನಲ್ಲಿ 53.) ಚಾವಣಿಗೆ ಅಂಟಿಸಿದ ಪ್ಯಾನೆಲ್ ಮಲಗಿಯೇ ಇರುತ್ತೆ, ದಿನಕ್ಕೆ 150 ಬಂದರೆ ಪುಣ್ಯ. ಮೇಲಾಗಿ ಈ ಲಿಥಿಯಂ ಜಾತಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲೋಹ ಕಟ್ಟಿ ಕೆಡುತ್ತೆ, ಅದಕ್ಕೆ ಬ್ಯಾಟರಿಯನ್ನು ಹೊರಗಿನ ಪೆಟ್ಟಿಗೆಯಿಂದ ಒಳಗೆ ಸೀಟಿನ ಕೆಳಗೆ ತಂದದ್ದು ಸರಿಯಾಯ್ತು. ಚಳಿಗಾಲಕ್ಕೆ ಕ್ಯಾಂಪಿಂಗ್ ಮೈದಾನದಲ್ಲಿ 230 ವೋಲ್ಟ್ ಚುಚ್ಚಲು ಹೊರಗೆ ಒಂದು ನೀಲಿ ಸಾಕೆಟ್, ಅದರ ಹಿಂದೆ ಶಾಕ್ ಹೊಡೆಯುವ ಮೊದಲೇ ಕಡಿಯುವ ಬ್ರೇಕರ್. ಈ ಸಾಕೆಟ್ಟಿನ ಅರ್ತ್ ತಂತಿಯನ್ನು ವ್ಯಾನಿನ ಬಾಡಿಗೆ ಜೋಡಿಸಲೇಬೇಕು ಅಂತ ನಾನು. ಯಾಕೋ, ಹನ್ನೆರಡರ ಮೈನಸ್ಸೂ ಅಲ್ಲೇ ಇದೆಯಲ್ಲೋ ಅಂತ ಅವನು. ಆ ವಾದ ಇನ್ನೂ ನಡೀತಿದೆ. ನಿಮ್ಮಲ್ಲಿ ಯಾರಾದರೂ ಎಲೆಕ್ಟ್ರಿಕಲ್ ಕೆಲಸವನ್ನೇ ಮಾಡುವವರಿದ್ದರೆ ಬಂದು ಅವನಿಗೆ ನಾಲ್ಕು ಮಾತು ಹೇಳಿ.